ಹೊಡೆಯದೆ ಬಿಟ್ಟ ಏಟು

ಸಾಹೇಬರ ಕಚೇರಿ, ತೆಂಬಿಹಾಳ
ಮರುಬೇಸಿಗೆ ಮಾಸದ ನಲವತ್ತೊಂದನೆಯ ದಿನ, ೨೨೧೯

ಶ್ರೀಮತಿ ಕಸ್ತೂರಿ ಹಡಪದ ಅವರಿಗೆ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ, ಕೈ ತಪ್ಪಿ ಬರೆದದ್ದಲ್ಲ. ನಮ್ಮಲ್ಲಿ ದಸರೆ ಮುಗಿದ ಮೇಲೆ ಬೇಸಿಗೆ ಇನ್ನೊಂದು ಸಲ ಬರುತ್ತದೆ. ಕರೆಯದೆ ಬಂದರೂ ಪ್ರತಿವರ್ಷ ತಪ್ಪದೆ ಬರುವ ನೆಂಟರನ್ನು ಮನೆಯವರೆಂದೇ ಎಣಿಸಬೇಕಲ್ಲ, ಹಾಗೆ ಅದಕ್ಕೆ ಮರುಬೇಸಿಗೆ ಎಂದು ಹೆಸರಿಟ್ಟು, ಐವತ್ತು ದಿನಗಳ ಒಂದು ತಿಂಗಳನ್ನು ಪಂಚಾಂಗದಲ್ಲಿ ಸೇರಿಸಿಕೊಂಡಿದ್ದೇವೆ. ನನ್ನ ಮಾತಿನ ವಿಚಿತ್ರಕ್ಕೂ ಈಗಲೇ ಕ್ಷಮೆ ಕೇಳಿಬಿಡುತ್ತೇನೆ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ಎರಡೇ ಕಡೆಯಿಂದ. ಒಂದು, ನಮ್ಮ ಕಪಾಟಿನಲ್ಲಿರುವ ನಿಮ್ಮ ರಿಜಿಸ್ಟರು. ಇನ್ನೊಂದು, ಅದೇ ಕಪಾಟಿನಲ್ಲಿ ಯಾರೋ ಕಟ್ಟಿಟ್ಟ ಮದುವೆ ಕರೆಯೋಲೆಗಳು. ಹಾಗಾಗಿ ಇದರಲ್ಲಿ ಎಲ್ಲಾದರೂ ಕಚೇರಿಯ ವಾಸನೆ ಬಂದರೆ ಅದು ನಿಮ್ಮಿಂದ ಬಂದದ್ದು. ಪತ್ರದ ಕೊನೆಗೆ ‘ಆಶೀರ್ವಾದವೇ ಉಡುಗೊರೆ’ ಎಂದು ಬರೆಯಬೇಕೋ ಏನೋ ಎಂದು ಒಂದು ವಾರ ಯೋಚಿಸಿದೆ. ಬೇಡವೆನಿಸಿ ಬಿಟ್ಟಿದ್ದೇನೆ.

ನಾನು ಯಾರೆಂದು ಹೇಳಬೇಕು. ನನ್ನ ಹೆಸರು ಅಡಿವೆಪ್ಪ. ವಯಸ್ಸು ಅರವತ್ತೆಂಟು. ನೀವು ಯಾವ ಕಟ್ಟಡದಲ್ಲಿ ಕುಳಿತು ಮೊದಲನೆಯ ರಿಜಿಸ್ಟರು ಬರೆದಿರೋ ಅದೇ ಕಟ್ಟಡದಲ್ಲಿ, ಅದೇ ಮರಗೆಲಸದ ಸಂಗ್ರಹಾಲಯದಲ್ಲಿ, ಮುರಿದದ್ದನ್ನು ಕೂಡಿಸುವ ಕೆಲಸ ನನ್ನದು. ನಲವತ್ತು ವರ್ಷದಿಂದ ಮಾಡುತ್ತಿದ್ದೇನೆ. ಈ ಕಾಗದಕ್ಕೆ ನಮ್ಮಲ್ಲಿ ಹಿಂದೋಲೆ ಎನ್ನುತ್ತಾರೆ, ಅಂದರೆ ಕಳೆದ ಕಾಲಕ್ಕೆ ಕಳಿಸುವ ಓಲೆ. ಒಬ್ಬ ಮನುಷ್ಯನಿಗೆ ಇಡೀ ಜನ್ಮಕ್ಕೆ ಒಂದೇ ಹಿಂದೋಲೆ. ಅದು ಹೇಗೆ ಹೋಗುತ್ತದೆ ಎಂದು ನನ್ನನ್ನು ಕೇಳಬೇಡಿ. ನಿಮ್ಮ ಕಾಲದ ದೂರವಾಣಿ ಹೇಗೆ ಕೆಲಸ ಮಾಡುತ್ತಿತ್ತೆಂದು ನಿಮಗಾದರೂ ಎಷ್ಟು ಗೊತ್ತಿತ್ತು? ಹೆಚ್ಚಿನವರು ಅದನ್ನು ತೀರಿಹೋದ ತಾಯಿಗೆ ಬರೆಯುತ್ತಾರೆ, ಕೆಲವರು ತಮ್ಮ ಎಳೆಯ ವಯಸ್ಸಿಗೆ ತಾವೇ ಬುದ್ಧಿ ಹೇಳಿಕೊಳ್ಳುತ್ತಾರೆ. ನಾನು ಕಂಡರಿಯದ ನಿಮಗೆ ಬರೆಯುತ್ತಿದ್ದೇನೆಂದು ತಿಳಿದಾಗ ನನ್ನ ತಂಗಿ ಪಾರೋತೆವ್ವ ಹಣೆ ಚಚ್ಚಿಕೊಂಡಳು.

“ಅವ್ವಗ ಬರೀದ ಬಿಟ್ಟು ಯಾವಾಕಿಗೋ ಬರ್ಯಾಕ ಕುಂತಿಯಲ್ಲೊ ಅಣ್ಣಾ! ಬುದ್ಧಿ ಅದನೋ ಇಲ್ಲೊ ನಿನಗ?”

ಅವಳ ಮಾತಿನಲ್ಲಿ ನ್ಯಾಯವಿದೆ. ಅವ್ವನಿಗೆ ಹೇಳುವುದು ನನಗೂ ಇತ್ತು. ಆದರೆ ಅವ್ವನಿಗೆ ಬರೆದರೆ ಸಮಾಧಾನವಾಗುವುದು ನನಗೊಬ್ಬನಿಗೆ. ನಿಮಗೆ ಬರೆದರೆ ನಾನು ಕೆಡಿಸಿದ ಒಂದು ಕೆಲಸ ಸರಿಹೋದೀತು ಎಂಬ ಆಸೆ. ಅದನ್ನು ಹೇಳುವ ಮೊದಲು ನಿಮ್ಮ ಕಟ್ಟಡದ ಕ್ಷೇಮಸಮಾಚಾರ ತಿಳಿಸುತ್ತೇನೆ, ಯಾಕೆಂದರೆ ನೀವು ಮೊದಲು ಕೇಳುವುದು ಅದನ್ನೇ ಎಂದು ನನಗೆ ಗೊತ್ತು.

ಊರವರು ಇನ್ನೂ ಸಾಹೇಬರ ಕಚೇರಿ ಎಂದೇ ಕರೆಯುವ ಈ ಕಟ್ಟಡ ಗಟ್ಟಿಯಾಗಿದೆ. ಕಲ್ಲಿನ ಕಟ್ಟೆ, ಮೂರು ಕಡೆಯ ಪಡಸಾಲೆ, ನಲವತ್ತೆರಡು ಸಾಗವಾನಿ ಕಂಬ, ಎಲ್ಲವೂ ನೀವು ಬಿಟ್ಟುಹೋದಂತೆಯೇ ಇವೆ. ಮಂಗಳೂರು ಹಂಚು ಮಾತ್ರ ಹೋಯಿತು. ಬಿಸಿಲಿಗೆ ಬಣ್ಣ ಬದಲಿಸುವ ಹೊಸ ಬಗೆಯ ಹಂಚು ಹಾಕಿದ್ದಾರೆ. ಮಧ್ಯಾಹ್ನ ಬೆಳ್ಳಗಾಗುತ್ತದೆ, ಸಂಜೆ ಕೆಂಪಾಗುತ್ತದೆ. ಸಂಜೆ ಹೊತ್ತು ದೂರದಿಂದ ನೋಡಿದರೆ ಫೋಟೋದಲ್ಲಿರುವ ಹಳೆಯ ಕಚೇರಿಯೇ ಎನಿಸುತ್ತದೆ. ಊರಿನ ಬೀದಿಗಳಿಗೆಲ್ಲ ಮೇಲೆ ಒದ್ದೆ ಬಟ್ಟೆಯ ಚಪ್ಪರವಿದೆ. ಅವುಗಳನ್ನು ನೆರಳುಬೀದಿ ಎನ್ನುತ್ತೇವೆ. ಜನ ಒಂದು ನೆರಳುಬೀದಿಯಿಂದ ಇನ್ನೊಂದಕ್ಕೆ ದಾಟಿ ದಾಟಿ ಬಂದು, ಕೊನೆಗೆ ನಿಮ್ಮ ಪಡಸಾಲೆ ಹತ್ತಿ, ಕಂಬಕ್ಕೆ ಬೆನ್ನು ಕೊಟ್ಟು ನಿಟ್ಟುಸಿರು ಬಿಡುತ್ತಾರೆ. ಇಷ್ಟು ತಂಪಾದ ಪಡಸಾಲೆ ಈಗ ಯಾರೂ ಕಟ್ಟುವುದಿಲ್ಲ, ಕಟ್ಟಲು ಬರುವುದೂ ಇಲ್ಲ. ಕಟ್ಟಿಸಿದ ಇಂಗ್ಲಿಷ್ ದೊರೆಗಳ ಮೇಲೆ ನನಗೆ ಯಾವ ಪ್ರೀತಿಯೂ ಇಲ್ಲ. ಸುತ್ತಲಿನ ಕಾಡು ಕಡಿದು ಸಾಗಿಸಲೆಂದೇ ಹಾಕಿದ ಡಿಪೋ ಇದು. ಆದರೆ ಕಂಬ ಕೆತ್ತಿದವರು, ತೊಲೆ ಏರಿಸಿದವರು ನಮ್ಮ ಜನ. ಆ ನೆರಳು ಅವರದೇ ಎಂದು ನಾನು ತಿಳಿದುಕೊಂಡಿದ್ದೇನೆ.

ನಮ್ಮಲ್ಲಿ ಮರ ಕಡಿಯುವಂತಿಲ್ಲ. ನೂರು ವರ್ಷವಾಯಿತು. ತಾನಾಗಿ ಬಿದ್ದ ಮರವನ್ನೂ ಬಿದ್ದಲ್ಲಿಯೇ ಬಿಡಬೇಕು, ಮಣ್ಣಿಗೆ ಅದು ಬೇಕು. ಮನೆಯ ಬಾಗಿಲು, ಮಂಚ, ಕಪಾಟು, ರೊಟ್ಟಿ ಬಡಿಯುವ ಕೊಣಮಿಗೆ, ಎಲ್ಲವನ್ನೂ ಹಿಟ್ಟುಹಲಗೆಯಿಂದ ಮಾಡುತ್ತೇವೆ. ಕಬ್ಬಿನ ಸಿಪ್ಪೆಗೆ ಅಣಬೆಯ ಬೇರು ಹಬ್ಬಿಸಿ, ಒತ್ತಿ, ಒಣಗಿಸಿದ ಹಲಗೆ ಅದು. ಗಟ್ಟಿ ಇದೆ, ಹುಳ ಹಿಡಿಯುವುದಿಲ್ಲ, ಅಗ್ಗ. ನೂರಕ್ಕೆ ನೂರು ಒಳ್ಳೆಯದೇ, ಆದರೆ ಅದಕ್ಕೆ ವಾಸನೆಯಿಲ್ಲ, ಗಂಟಿಲ್ಲ, ಎಳೆಯಿಲ್ಲ. ಬೆರಳಿನಿಂದ ತಟ್ಟಿದರೆ ಅದು ಏನೂ ಹೇಳುವುದಿಲ್ಲ. ಹಾಗಾಗಿ ನಿಜವಾದ ಮರ ಹೇಗಿರುತ್ತದೆಂದು ತಿಳಿಯಬೇಕಾದರೆ ಜನ ನಮ್ಮಲ್ಲಿಗೆ ಬರಬೇಕು.

ತಿಂಗಳ ಮೊದಲನೆಯ ದಿನ ಕೈಯಿಡುವ ದಿನ. ಅಂಗಳದ ಕಲ್ಲುಬಾನಿಯಲ್ಲಿ ಕೈ ತೊಳೆದು, ಒರೆಸಿಕೊಂಡು, ಸಾಲಾಗಿ ಒಳಗೆ ಬಂದು, ಯಾವ ವಸ್ತುವಿನ ಮೇಲಾದರೂ ಅಂಗೈ ಇಡಬಹುದು. ನಿಮ್ಮ ಕಾಲದಲ್ಲಿ ‘ಮುಟ್ಟಬಾರದು’ ಎಂದು ಫಲಕ ಹಾಕುತ್ತಿದ್ದರಂತೆ. ಎಂಬತ್ತು ವರ್ಷ ಗಾಜಿನೊಳಗಿಟ್ಟು ನೋಡಿ, ಮರವೆಲ್ಲ ಸೀಳು ಬಿಟ್ಟ ಮೇಲೆ ನಮ್ಮವರಿಗೆ ಬುದ್ಧಿ ಬಂತು. ಈಗ ಹುಬ್ಬಳ್ಳಿಯಿಂದ ವೈದ್ಯರೊಬ್ಬರು ಬರುತ್ತಾರೆ. ಹೂವಿಲ್ಲ, ಬಳ್ಳಿಯಿಲ್ಲ, ಒಂದು ಸಾದಾ ಊಟದ ಮಣೆ ಇದೆಯಲ್ಲ, ಅದರ ಮೇಲೆ ಅರ್ಧ ತಾಸು ಕೂರುತ್ತಾರೆ. ಯಾರ ಜೊತೆಗೂ ಮಾತಾಡದೆ ಎದ್ದು ಹೋಗುತ್ತಾರೆ. ಮಕ್ಕಳು ಬೀಟೆಯ ಪೆಟ್ಟಿಗೆಗೆ ಮೂಗು ಹಚ್ಚಿ ನಿಲ್ಲುತ್ತವೆ, ಎಳೆದರೂ ಬರುವುದಿಲ್ಲ. ನಾನೂ ಹಾಗೆಯೇ ಈ ಕಟ್ಟಡಕ್ಕೆ ಬಂದವನು. ಐದು ವರ್ಷದವನಿದ್ದಾಗ ಅವ್ವ ನನ್ನ ಕೈ ಹಿಡಿದು ಪೂರ್ವದ ಪಡಸಾಲೆಯ ಮೂರನೆಯ ಕಂಬದ ಮೇಲಿಟ್ಟು, ತನ್ನ ಕೈಯನ್ನು ನನ್ನ ಕೈ ಮೇಲಿಟ್ಟಳು. ಕಂಬ ಬೆಚ್ಚಗಿತ್ತೋ, ಅವ್ವನ ಕೈ ಬೆಚ್ಚಗಿತ್ತೋ ಇವತ್ತಿಗೂ ಗೊತ್ತಿಲ್ಲ.

ಇನ್ನು ನಿಮ್ಮ ರಿಜಿಸ್ಟರಿನ ಮಾತು. ಅದನ್ನು ನಾನು ಎಷ್ಟು ಸಲ ಓದಿದ್ದೇನೆಂದರೆ ನೀವು ನನ್ನ ಓರಗೆಯವರೇ ಎನಿಸಿದೆ. ನಿಮ್ಮ ಅಕ್ಷರ ದುಂಡಗೆ, ಚೊಕ್ಕವಾಗಿದೆ. ಸಿಟ್ಟು ಬಂದ ದಿನ ಮಾತ್ರ ಬಲಕ್ಕೆ ವಾಲುತ್ತದೆ. ಮೊದಲನೆಯ ಪುಟದಲ್ಲಿಯೇ ‘ಬಾವಲಿ ಓಡಿಸಲು ಮೂರು ದಿನ ಹಿಡಿಯಿತು, ಸಾಹೇಬರು ಒಂದು ದಿನವೂ ಬರಲಿಲ್ಲ’ ಎಂದು ಬರೆದಿದ್ದೀರಿ. ಇಲ್ಲಿ ಸಾಹೇಬರೆಂದರೆ ಇಂಗ್ಲಿಷರಲ್ಲ, ನಿಮ್ಮ ಮೇಲಧಿಕಾರಿ ಎಂದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ಅಲ್ಲಿಂದ ಮುಂದೆ ಕ್ರಮಸಂಖ್ಯೆ, ವಸ್ತು, ಮರದ ಜಾತಿ, ಉದ್ದ, ಅಗಲ, ಕೊಟ್ಟವರ ಹೆಸರು, ಷರಾ. ಕೊಟ್ಟವರೆಂದರೆ ದೇಸಾಯರು, ಗೌಡರು, ಬ್ಯಾಂಕಿನ ಮ್ಯಾನೇಜರು, ಒಬ್ಬ ನಿವೃತ್ತ ತಹಸೀಲ್ದಾರರು. ಅಟ್ಟದ ಮೇಲೆ ಬಿದ್ದಿದ್ದನ್ನು ಕೊಟ್ಟು ಹೆಸರು ಬರೆಸಿಕೊಂಡು ಹೋಗಿದ್ದಾರೆ. ಮಾಡಿದವರ ಹೆಸರಿಗೆ ಕಾಲಮ್ಮೇ ಇಲ್ಲ.

ಹದಿನಾಲ್ಕನೆಯ ಪುಟ ತೆಗೆಯಿರಿ. ಈ ಓಲೆ ನಿಮಗೆ ಮುಟ್ಟುವಾಗ ಅಲ್ಲಿ ಇವು ಇನ್ನೂ ಇರುವುದಿಲ್ಲ, ನನ್ನ ಕಣ್ಣ ಮುಂದೆ ಇವೆ. ನೂರಾ ಹನ್ನೆರಡು, ನೂರಾ ಹದಿಮೂರು, ನೂರಾ ಹದಿನಾಲ್ಕು. ಮೂರು ತೊಟ್ಟಿಲು. ಮೂರೂ ಸಾಗವಾನಿ, ಮೂರಕ್ಕೂ ಸುತ್ತ ಕೆತ್ತಿದ ಎಂಟೆಂಟು ಗಿಣಿ. ಒಂದೇ ದಿನ ಬಂದಿವೆ. ಷರಾದಲ್ಲಿ ನೀವು ಬರೆದದ್ದು ಇಷ್ಟು: ‘ಚೊಲೋ ಅವ. ಹೊತ್ತು ತಂದವರು ಮೂರು ಮನೆಯ ಬಡಿಗೇರರು. ತಮ್ಮ ಹಿರಿಯರ ಕೆಲಸ ಎಂದು ನೋಡಲು ಬಂದಿದ್ದರು. ಚಹಾ ಕುಡಿದು ಹೋದರು.’

ಕಸ್ತೂರಿಯವರೇ, ಚಹಾ ಕುಡಿದದ್ದನ್ನು ಬರೆದಿರಿ, ಯಾವ ತೊಟ್ಟಿಲು ಯಾರ ಹಿರಿಯರದೆಂದು ಬರೆಯಲಿಲ್ಲ! ನನಗೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ. ನಿಮ್ಮನ್ನು ಬೈಯುತ್ತಿಲ್ಲ. ಅವರು ನಿಮ್ಮ ಎದುರಿಗೇ ಪಡಸಾಲೆಯಲ್ಲಿ ನಿಂತಿದ್ದರು, ಬೇಕಾದಾಗ ಕೇಳಬಹುದಿತ್ತು, ಕೈಗೆಟುಕುವುದನ್ನು ಯಾರು ಬರೆದಿಡುತ್ತಾರೆ? ಬೈಯಬೇಕಾದ್ದು ನನ್ನನ್ನು. ಅದನ್ನು ಈಗ ಹೇಳುತ್ತೇನೆ.

ಮೂವತ್ತನಾಲ್ಕನೆಯ ವಯಸ್ಸಿಗೆ ನನಗೆ ದುರಸ್ತಿಯ ಪೂರ್ತಿ ಹೊಣೆ ಸಿಕ್ಕಿತು. ಆಗ ಇಡೀ ಪ್ರಾಂತದಲ್ಲಿ ಉಳಿ ಹಿಡಿದು ಮರದ ಕೊಡತಿಯಿಂದ ಹೊಡೆಯಲು ಬರುತ್ತಿದ್ದವರು ನಾಲ್ಕೇ ಜನ. ನಾನೊಬ್ಬ. ಸೊಕ್ಕು ಬರದೇ ಇದ್ದೀತೇ? ಒಂದೊಂದೇ ವಸ್ತು ತೆಗೆದು ಭೂತಗನ್ನಡಿ ಹಿಡಿದು ನೋಡಿದೆ. ಬಹಳಷ್ಟರಲ್ಲಿ ಒಂದಲ್ಲ ಒಂದು ಕೊರತೆ ಕಂಡಿತು. ಬಾಗಿಲವಾಡದ ಬಳ್ಳಿಯಲ್ಲಿ ನೂರು ಹೂವಿದ್ದರೆ ಒಂದು ಹೂವಿಗೆ ಒಂದು ಎಸಳಿಲ್ಲ. ದೇವರ ಮಂಟಪದ ನಾಲ್ಕು ಆನೆಗಳಲ್ಲಿ ಒಂದಕ್ಕೆ ಉಗುರು ಬಿಡಿಸಿಲ್ಲ. ತೊಟ್ಟಿಲುಗಳಲ್ಲಿ, ಮೂರರಲ್ಲೂ, ಒಂದೊಂದು ಗಿಣಿಗೆ ಕಣ್ಣಿಲ್ಲ. ಅಲ್ಲಿ ಮರ ಮುರಿದಿರಲಿಲ್ಲ, ಸವೆದಿರಲಿಲ್ಲ. ಉಳಿ ಅಲ್ಲಿಗೆ ಹೋಗಿಯೇ ಇರಲಿಲ್ಲ. ಅವಸರದಲ್ಲಿ ಮರೆತಿದ್ದಾರೆ, ಪಾಪ, ಹಳೇ ಕಾಲದವರು ಎಂದುಕೊಂಡೆ. ಪಾಪ ಎಂದುಕೊಂಡೆ ನೋಡಿ!

ಎರಡು ವರ್ಷ ಕೂತು ಅರವತ್ತಮೂರು ಕೊರತೆ ತುಂಬಿದೆ. ಎಸಳು ಬಿಡಿಸಿದೆ, ಉಗುರು ಕೆತ್ತಿದೆ, ಮೂರು ಗಿಣಿಗೆ ಕಣ್ಣು ಕೊಟ್ಟೆ. ಹೊಸ ಏಟು ಹೊಸದೆಂದು ಕಾಣಬಾರದಲ್ಲ, ಅದಕ್ಕೆ ಹುಣಸೆನೀರು, ಮಸಿ, ಎಣ್ಣೆ ಹಚ್ಚಿ ಹಳೆಯದರೊಳಗೆ ಹಳೆಯದಾಗಿಸಿದೆ. ಈಗ ನನಗೇ ಗುರುತು ಸಿಗುವುದಿಲ್ಲ, ಅಷ್ಟು ಚೆನ್ನಾಗಿ ಮಾಡಿದ್ದೇನೆ. ದುರಸ್ತಿಗೆ ಮೊದಲಿನ ಚಿತ್ರಗಳಿದ್ದವು. ಕೊರತೆಯ ಚಿತ್ರ ಯಾರಿಗೆ ಬೇಕೆಂದು ನಾನೇ ಅಳಿಸಿದೆ. ಶಾಲು ಹೊದಿಸಿದರು, ಹಾರ ಹಾಕಿದರು. ಆ ಶಾಲನ್ನು ಈಗ ಪಾರೋತೆವ್ವ ಹಪ್ಪಳ ಒಣಗಿಸಲು ಹಾಸುತ್ತಾಳೆ. ಸರಿಯಾದ ಜಾಗಕ್ಕೆ ಸೇರಿದೆ.

ಹನ್ನೊಂದು ವರ್ಷದ ಹಿಂದೆ, ಒಂದು ಕೈಯಿಡುವ ದಿನ, ಗದಗದ ಕಡೆಯಿಂದ ಒಬ್ಬ ಹೆಂಗಸು ಬಂದಳು. ಹೆಸರು ಕಾಳವ್ವ, ಮನೆತನ ಬಡಿಗೇರ. ಅರವತ್ತೊಂಬತ್ತು ವಯಸ್ಸಾಗಿದ್ದರೂ ಹಿಟ್ಟುಹಲಗೆಯ ಕಾರ್ಖಾನೆಯಲ್ಲಿ ಹಲಗೆ ಒತ್ತುವ ಕೆಲಸಕ್ಕೆ ಹೋಗುತ್ತಿದ್ದಳು. ಮೊಮ್ಮಗಳಿಗೆ ದಿನ ತುಂಬಿತ್ತು. ನಮ್ಮಲ್ಲಿ ಮನೆಹಕ್ಕು ಎಂಬ ಒಂದು ಕಾನೂನಿದೆ. ಸಂಗ್ರಹಾಲಯದ ವಸ್ತು ನಮ್ಮ ಹಿರಿಯರ ಕೈಯದೆಂದು ತೋರಿಸಿಕೊಟ್ಟರೆ, ಮನೆಯ ಶುಭಕ್ಕೋ ಅಶುಭಕ್ಕೋ ಅದನ್ನು ಮೂರು ದಿನ ಒಯ್ಯಬಹುದು. ಗುರುತು ವಸ್ತುವಿನ ಮೇಲಿರಬೇಕು, ಇಲ್ಲವೇ ಕಾಗದದಲ್ಲಿರಬೇಕು. ಬಾಯಿಮಾತು ನಡೆಯುವುದಿಲ್ಲ. ಕಾಳವ್ವನಿಗೆ ಮರಿಮೊಮ್ಮಗುವನ್ನು ತನ್ನ ಹಿರಿಯ ಮೌನೇಶಪ್ಪ ಮಾಡಿದ ತೊಟ್ಟಿಲಿಗೆ ಹಾಕಿ ಹೆಸರಿಡಬೇಕೆಂಬ ಒಂದೇ ಒಂದು ಆಸೆ. ಆರು ಊರಿನ ಸಂಗ್ರಹಾಲಯ ಸುತ್ತಿ ಇಲ್ಲಿಗೆ ಬಂದಿದ್ದಳು.

ಅವಳು ಮೂರು ತೊಟ್ಟಿಲ ಸುತ್ತಲೂ ನಿಧಾನವಾಗಿ ನಡೆದು, ಇಪ್ಪತ್ತನಾಲ್ಕು ಗಿಣಿಗಳ ಕಣ್ಣನ್ನೂ ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ನನ್ನ ಹತ್ತಿರ ಬಂದಳು.

“ತಮ್ಮಾ, ಇದರಾಗ ಕುರುಡ ಗಿಣಿ ಇರೂ ತೊಟ್ಟಲಾ ಯಾವ್ದು? ಬಲಗಡೆ, ಕಾಲ ಕಡೀ ಗಿಣಿಗೆ ಕಣ್ಣಿರಂಗಿಲ್ಲ ನೋಡು. ಅದು ನಮ್ಮ ಮನೀದು.”

ಆ ಕ್ಷಣಕ್ಕೆ ಎಲ್ಲ ತಿಳಿಯಿತು. ಮೂರು ತೊಟ್ಟಿಲಿನಲ್ಲಿ ಕಣ್ಣಿಲ್ಲದ ಗಿಣಿ ಬೇರೆ ಬೇರೆ ಜಾಗದಲ್ಲಿತ್ತು ಎಂಬುದು ನೆನಪಿಗೆ ಬಂತು. ಯಾವುದರಲ್ಲಿ ಎಲ್ಲಿ ಎಂಬುದು ಮಾತ್ರ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಆಗ ನಾನು ಏನು ಮಾಡಬೇಕಿತ್ತು? ನಿಜ ಹೇಳಬೇಕಿತ್ತು. ನಾನು ಮಾಡಿದ್ದು ಬೇರೆ.

“ಅಂಥಾದ್ದ ಇಲ್ಲಿ ಯಾವ್ದೂ ಇಲ್ಲರಿ ಅವ್ವಾರ. ಎಲ್ಲಾ ಗಿಣಿಗೂ ಕಣ್ಣ ಅದಾವಲ್ಲ, ನೋಡ್ರಿ” ಎಂದುಬಿಟ್ಟೆ.

ಅವಳು ಕಲ್ಲುಬಾನಿಯ ಹತ್ತಿರ ಸ್ವಲ್ಪ ಹೊತ್ತು ಕೂತಿದ್ದು ಹೋದಳು. ಆ ಕೂಸನ್ನು ಹಿಟ್ಟುಹಲಗೆಯ ಬುಟ್ಟಿಯಲ್ಲಿ ಹಾಕಿ ಹೆಸರಿಟ್ಟರೆಂದು ಆಮೇಲೆ ತಿಳಿಯಿತು. ನಾನು ಒಂಬತ್ತು ತಿಂಗಳು ಸರಿಯಾಗಿ ಉಣ್ಣಲಿಲ್ಲ. ಕೊನೆಗೆ ಪಾರೋತೆವ್ವನಿಗೆ ಬೇಸರ ಬಂದು, ಹೋಗಿ ಹೇಳಿ ಬಾ, ಇಲ್ಲಾ ಅಡುಗೆ ನೀನೇ ಮಾಡಿಕೋ ಎಂದಳು. ಗದಗಕ್ಕೆ ಹೋದೆ. ಕಾಳವ್ವನ ಮನೆಯ ಹೊಸ್ತಿಲಲ್ಲಿ ನಿಂತು, ಕೂರು ಎನ್ನುವುದಕ್ಕೂ ಕಾಯದೆ ಎಲ್ಲವನ್ನೂ ಹೇಳಿದೆ. ಅವಳು ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟಳು.

“ಕಣ್ಣ ಕೊಟ್ಟೆ ಅಂತ ಹಿಗ್ಗಿದ್ದಿ, ಹೌದಿಲ್ಲೊ? ನಮ್ಮಜ್ಜನ ಹೆಸರ ಒರಸಿ ಹಾಕಿದಿ ನೋಡು. ಓದಾಕ ಬರೀಯಾಕ ಬರದವ್ರ ಹೆಸರ ಎಲ್ಲಿ ಬರೀಬೇಕೊ ಮೂಳಾ? ಅದ ಅವರ ಸಹಿ!”

ಬೈದು ಬೈದು ಸುಸ್ತಾದ ಮೇಲೆ ನೀರು ಕೊಟ್ಟಳು. ಆಮೇಲೆ ವಿಷಯ ಬಿಡಿಸಿ ಹೇಳಿದಳು. ಪೂರಾ ಆದ ಕೆಲಸಕ್ಕೆ ದೃಷ್ಟಿ ತಾಕುತ್ತದೆಂದು ಬಡಿಗೇರರು ಯಾವುದನ್ನೂ ಪೂರಾ ಮಾಡಿ ಕೊಡುತ್ತಿರಲಿಲ್ಲವಂತೆ. ಕೊನೆಯ ಒಂದು ಏಟನ್ನು ಹೊಡೆಯದೆ ಬಿಡುತ್ತಿದ್ದರಂತೆ. ಯಾವ ಏಟು ಬಿಡಬೇಕೆಂಬುದು ಮನೆಯಿಂದ ಮನೆಗೆ ಬೇರೆ. ಅಪ್ಪ ಮಗನಿಗೆ ಉಳಿ ಕೊಡುವಾಗ ಕಿವಿಯಲ್ಲಿ ಹೇಳುವ ಮಾತು ಅದು. ಸಂತೆಯಲ್ಲಿ ಎಷ್ಟೇ ವಸ್ತು ಒಟ್ಟಿಗೆ ಬಿದ್ದಿದ್ದರೂ, ಬಿಟ್ಟ ಏಟು ನೋಡಿ ಇದು ಇಂಥವರ ಮನೆಯದು ಎಂದು ಹೇಳುತ್ತಿದ್ದರಂತೆ.

“ತೊಟ್ಟಲಾ ಅಂದ್ರ ಒಂದ ಗಿಣಿಗೆ ಕಣ್ಣ ಕೆತ್ತದ ಬಿಡೂದು, ಯಾವ ಗಿಣಿಗೆ ಅನ್ನೂದು ಮನಿಗೊಂದು. ಎಲ್ಲಾ ಗಿಣಿ ನೋಡಿದ್ರ ಕೂಸಿಗೆ ದೃಷ್ಟಿ ಆಗೂದಿಲ್ಲನು? ಒಂದರೆ ನೋಡದಂಗ ಇರಬೇಕೊ ತಮ್ಮಾ” ಎಂದಳು.

ನಮ್ಮ ಕಟ್ಟಡದ ಪಶ್ಚಿಮದ ಕೋಣೆಯಲ್ಲಿ ದೊರೆಗಳ ಕಾಲದ ಒಂದು ಸುತ್ತಿಗೆ ಇದೆ, ನೀವೇ ಒಂದನೆಯ ನಂಬರು ಕೊಟ್ಟಿದ್ದೀರಿ. ಡಿಪೋಗೆ ಬಂದ ಪ್ರತಿ ದಿಮ್ಮಿಯ ತುದಿಗೂ ಅದರಿಂದ ಹೊಡೆದು ಸರಕಾರದ ಮುದ್ರೆ ಒತ್ತುತ್ತಿದ್ದರು. ತಮ್ಮದು ಎನ್ನಲು ಅವರಿಗೆ ಒಂದು ಏಟು ಹೊಡೆಯಬೇಕಿತ್ತು. ನಮ್ಮವರು ಒಂದು ಏಟು ಬಿಟ್ಟು ಅದನ್ನೇ ಹೇಳುತ್ತಿದ್ದರು. ಮೂವತ್ತು ವರ್ಷ ಈ ಎರಡನ್ನೂ ದಿನಾ ಒರೆಸಿದವನಿಗೆ ಇದು ಹೊಳೆದಿರಲಿಲ್ಲ. ಸುತ್ತಿಗೆಯ ಭಾಷೆ ಮಾತ್ರ ಅರ್ಥವಾಗುವಂತೆ ಓದಿಕೊಂಡಿದ್ದೆ.

ಆ ದಿನದಿಂದ ಕಾಳವ್ವ ತಿಂಗಳಿಗೊಮ್ಮೆ ಬರುತ್ತಾಳೆ. ಮರುಬೇಸಿಗೆಯಲ್ಲೂ ತಪ್ಪಿಸುವುದಿಲ್ಲ. ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದು, ನೂರಾ ಹನ್ನೆರಡನ್ನು ನೂರು ಸಲ ತೂಗುತ್ತಾಳೆ, ನೂರಾ ಹದಿಮೂರನ್ನು ನೂರು ಸಲ, ನೂರಾ ಹದಿನಾಲ್ಕನ್ನು ನೂರು ಸಲ. ಮೂರರಾಗ ಒಂದು ನಮ್ದು, ಮೂರೂ ತೂಗಿದ್ರ ನಮ್ದಕ್ಕೂ ಮುಟ್ಟತದ ಎನ್ನುತ್ತಾಳೆ. ನಾನು ಪಕ್ಕದಲ್ಲಿ ಕೂರುತ್ತೇನೆ. ಅವಳು ಮೊದಲು ಬೈಯುತ್ತಾಳೆ, ಆಮೇಲೆ ರೊಟ್ಟಿ ಕೊಡುತ್ತಾಳೆ. ಅವಳ ಬೈಗುಳ ಕೇಳದ ತಿಂಗಳು ನನಗೆ ಹಬ್ಬ ತಪ್ಪಿದಂತೆ ಅನಿಸುತ್ತದೆ. ಮದುವೆ, ಮಕ್ಕಳು ಎಂದೇನೂ ಆಗದೆ ಉಳಿದವನು ನಾನು. ಈ ವಯಸ್ಸಿನಲ್ಲಿ ನನಗೊಬ್ಬ ಅಕ್ಕ ಸಿಕ್ಕಿದ್ದಾಳೆ. ಇದನ್ನು ಅವಳೆದುರು ಒಮ್ಮೆಯೂ ಹೇಳಿಲ್ಲ.

ಈಗ ಅವಳಿಗೆ ಎಂಬತ್ತು. ಕಣ್ಣಿಗೆ ಪೊರೆ ಬಂದಿದೆ. ಹೋದ ವಾರ ಅದೇ ಮೊಮ್ಮಗಳಿಗೆ ಎರಡನೆಯದು ಹುಟ್ಟಿದೆ, ಹೆಣ್ಣುಕೂಸು. ಇನ್ನು ಐದು ದಿನಕ್ಕೆ ಹೆಸರಿಡುತ್ತಾರೆ. ಮನೆಹಕ್ಕಿನ ಕಚೇರಿಗೆ ನಾನೇ ಹೋಗಿ, ತಪ್ಪು ನನ್ನದು, ಮೂರರಲ್ಲಿ ಒಂದನ್ನು ಕೊಡಿ ಎಂದು ಕೈಮುಗಿದೆ. ಯಾವುದೆಂದು ತೋರಿಸಿ ಎಂದರು. ಮೂರರಲ್ಲಿ ಯಾವುದಾದರೂ ಒಯ್ಯಿ ಎಂದರೆ ಕಾಳವ್ವ ಒಪ್ಪುವವಳೂ ಅಲ್ಲ. ಇನ್ನೊಬ್ಬರ ಅಜ್ಜನ ಕೆಲಸಕ್ಕೆ ನಮ್ಮಜ್ಜನ ಹೆಸರು ಹೇಳಿದರೆ ಕೂಸಿಗೆ ಒಳ್ಳೆಯದಾಗುವುದಿಲ್ಲ ಎನ್ನುತ್ತಾಳೆ. ಅವಳಿಗೆ ಇನ್ನೊಂದು ಹೆಸರಿಡುವ ದಿನ ಬರುತ್ತದೆಂಬ ಭರವಸೆ ನನಗಿಲ್ಲ, ಅವಳಿಗೂ ಇಲ್ಲ.

ಅದಕ್ಕೇ ನನ್ನ ಒಂದೇ ಹಿಂದೋಲೆ ನಿಮಗೆ. ಲೆಕ್ಕ ಹಾಕಿ ನೋಡಿದ್ದೇನೆ. ತೊಟ್ಟಿಲು ಬರುವುದಕ್ಕೆ ನಾಲ್ಕು ದಿನ ಮೊದಲು ಇದು ನಿಮ್ಮ ಮೇಜಿನ ಮೇಲೆ ಬೀಳಬೇಕು. ಚಹಾ ಕುಡಿದರೆಂದ ಮೇಲೆ ಅವರು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಬಂದಾರು. ಚಹಾ ಅಂತೂ ನೀವು ಕೊಡುತ್ತೀರಿ, ಅದರಲ್ಲಿ ಅನುಮಾನವಿಲ್ಲ. ಕುಡಿಯುವಾಗ ಒಬ್ಬೊಬ್ಬರನ್ನೇ ತೊಟ್ಟಿಲ ಹತ್ತಿರ ಕರೆದು, ಇದನ್ನು ಯಾರು ಮಾಡಿದರು, ಇದರಲ್ಲಿ ಯಾವ ಗಿಣಿಗೆ ಕಣ್ಣು ಕೆತ್ತದೆ ಬಿಟ್ಟಿದ್ದಾರೆ ಎಂದು ಕೇಳಿ. ಮೊದಲು ಹೇಳುವುದಿಲ್ಲ. “ಏ ಬಿಡ್ರಿ ಅಕ್ಕಾರ, ಅದೇನ ಬರಿಯೂವಂಥಾ ಮಾತಲ್ಲ” ಎಂದು ನಾಚಿಕೊಂಡು ಮೀಸೆ ಒರೆಸಿಕೊಳ್ಳುತ್ತಾರೆ. ಅದು ಕಿವಿಯಲ್ಲಿ ಹೇಳಿದ ಮಾತು, ಹೊರಗೆ ಬರಲು ಹೊತ್ತು ಬೇಕು. ಇನ್ನೊಂದು ಕಪ್ಪು ಕೊಡಿ. ಮತ್ತೆ ಕೇಳಿ. ಹದಿನಾಲ್ಕನೆಯ ಪುಟದ ಷರಾದಲ್ಲಿ ಮೂರು ಬೆರಳಷ್ಟು ಜಾಗ ಖಾಲಿ ಇದೆ, ನಾನು ಅಳೆದು ನೋಡಿದ್ದೇನೆ. ತೊಟ್ಟಿಲಿಗೆ ಒಂದೊಂದು ಸಾಲು ಸಾಕು. ಮಾಡಿದವರ ಹೆಸರು, ಬಿಟ್ಟ ಏಟಿನ ಜಾಗ. ಆಮೇಲೆ ನಿಮಗೆ ಬಿಡುವಿದ್ದರೆ, ಸಾಹೇಬರು ಬೈಯದಿದ್ದರೆ, ಉಳಿದ ಅರವತ್ತಕ್ಕೂ ಕೇಳಿ ಬರೆಯಿರಿ. ಬಿಡುವಿಲ್ಲದಿದ್ದರೆ ಬೇಡ. ಮೂರು ಸಾಲು ಮಾತ್ರ ಬಿಡಬೇಡಿ.

ನೀವು ಬರೆದರೆ ಇಲ್ಲಿ ಏನಾಗುತ್ತದೆಂದು ಕೇಳಿ ತಿಳಿದುಕೊಂಡಿದ್ದೇನೆ. ಆ ಸಾಲುಗಳು ಮೊದಲಿನಿಂದಲೂ ರಿಜಿಸ್ಟರಿನಲ್ಲಿ ಇದ್ದವೆಂದೇ ಆಗುತ್ತದಂತೆ. ಮೂವತ್ತನಾಲ್ಕರ ಅಡಿವೆಪ್ಪ ಅವನ್ನು ಓದಿ ಉಳಿ ಕೆಳಗಿಡುತ್ತಾನೆ. ಹನ್ನೊಂದು ವರ್ಷದ ಹಿಂದೆ ಗದಗದ ಹೆಂಗಸೊಬ್ಬಳು ಬಂದು ಕುರುಡು ಗಿಣಿ ಕೇಳುತ್ತಾಳೆ. ನಾನು ಪುಟ ತೆಗೆದು ತೋರಿಸುತ್ತೇನೆ. ಅವಳು ತೊಟ್ಟಿಲು ಒಯ್ಯುತ್ತಾಳೆ, ಮೂರನೆಯ ದಿನ ತಂದಿಟ್ಟು, ನಮಸ್ಕಾರರಿ ಎಂದು ಹೇಳಿ ಊರಿಗೆ ಹೋಗುತ್ತಾಳೆ. ಮತ್ತೆ ತಿಂಗಳು ತಿಂಗಳು ಬರಲು ಅವಳಿಗೆ ಕಾರಣವಿರುವುದಿಲ್ಲ. ನನ್ನನ್ನು ಬೈಯಲು ಕಾರಣವಿರುವುದಿಲ್ಲ. ಅವಳ ಹೆಸರೂ ನನಗೆ ನೆನಪಿರುವುದಿಲ್ಲ, ಏನನ್ನು ಕಳೆದುಕೊಂಡೆನೆಂದೂ ಗೊತ್ತಿರುವುದಿಲ್ಲ.

ಇಲ್ಲಿಗೆ ಬಂದು ಅಕ್ಷರ ಓರೆಯಾಗಿದ್ದರೆ ಕ್ಷಮಿಸಿ. ಪತ್ರ ಹಾಕಬೇಕೋ ಬೇಡವೋ ಎಂದು ನಿನ್ನೆಯವರೆಗೂ ತೂಗಿ ನೋಡುತ್ತಿದ್ದೆ. ಇವತ್ತು ಬೆಳಿಗ್ಗೆ ಕಾಳವ್ವ ಕೂಸನ್ನು ಎತ್ತಿಕೊಂಡು ಬಂದಳು, ಅದರ ಮುಖ ನೋಡಿದ ಮೇಲೆ ತೂಗುವುದು ಬಿಟ್ಟೆ. ಈಗ ಪಡಸಾಲೆಯಲ್ಲಿ ಕೂತಿದ್ದಾಳೆ. ಪತ್ರದ ವಿಷಯ ಅವಳಿಗೆ ಹೇಳಿಲ್ಲ. ಒಳಗೆ ಕೂತು ಏನು ಮಾಡುತ್ತೀಯ, ರೊಟ್ಟಿ ಬಿರುಸಾಗುತ್ತದೆ ಬಾ ಎಂದು ಎರಡು ಸಲ ಕೂಗಿದಳು. ಹೋಗಿ ಅವಳ ಜೊತೆ ಊಟ ಮಾಡಿ ಬಂದು ಇದನ್ನು ಕಳಿಸುತ್ತೇನೆ.

ನೀವು ಬರೆಯಿರಿ, ಕಸ್ತೂರಿಯವರೇ. ತಡಮಾಡದೆ ಬರೆಯಿರಿ.

ಇತಿ ನಿಮ್ಮ ವಿಶ್ವಾಸಿ,
ಅಡಿವೆಪ್ಪ